ಹದಿನಾಲ್ಕನೆಯ ವರ್ಷದ ಹೂಜಿಗಳು

ಹೊರೆಮ್ಹೆಬ್ ಎಂಬ ಈಜಿಪ್ಟಿನ ಫೇರೋ ಇಪ್ಪತ್ತೇಳು ವರ್ಷ ಆಳಿದನೆಂದು ಸಾಧಿಸಲು ಮನೋಹರ ಆರು ವರ್ಷ ಕೂತು ಪಿಎಚ್‌ಡಿ ಪ್ರಬಂಧ ಬರೆದಿದ್ದ. ಅದನ್ನು ಸಲ್ಲಿಸಲು ಎರಡೇ ತಿಂಗಳು ಉಳಿದಿರುವಾಗ, 2008ರಲ್ಲಿ, ಆ ಅರಸನ ಗೋರಿಯಲ್ಲಿ ಸಿಕ್ಕ ವೈನ್ ಹೂಜಿಗಳ ವರದಿ ಬಂತು. ಅರಸನ ಆಳ್ವಿಕೆಯ ಎಷ್ಟನೆಯ ವರ್ಷದ್ದೆಂದು ಹೂಜಿಯ ಮೇಲೆ ಬರೆಯುವುದು ಅಲ್ಲಿನ ಪದ್ಧತಿ. ಇವುಗಳ ಮೇಲೆ ಹದಿಮೂರು, ಹದಿನಾಲ್ಕು ಎಂದಿತ್ತು. ಅದರಾಚೆಯದು ಒಂದೂ ಇರಲಿಲ್ಲ.

ಹಾಸ್ಟೆಲಿನಿಂದ ಯೆರವಡಾದಲ್ಲಿ ತಾಯಿ ಬಾಡಿಗೆಗಿದ್ದ ಒಂದೇ ಕೋಣೆಯ ಖೋಲಿಗೆ ಬಂದು ಅವ್ವಮ್ಮನಿಗೆ ಹೇಳಿದ. ಅವಳು ಕಟ್ಟಡದ ಕೆಲಸ ಮುಗಿಸಿ ಬಂದು ಕಾಲಿನ ಸಿಮೆಂಟ್ ತಿಕ್ಕಿ ತೊಳೆಯುತ್ತಿದ್ದಳು.

“ಹಂಗಾದ್ರ ಹದಿನಾಕಕ್ಕ ಸತ್ತಾನ,” ಅಂದಳು.

“ಹಳೇ ಸರಕು ಇಟ್ಟಿರಬೌದಲ್ಲವ್ವಾ.”

“ರಾಜಾನ ಮಣ್ಣಿಗೆ ಹತ್ತು ಹನ್ನೆರಡು ವರ್ಷದ ಹಳೇದು ಒಯ್ತಾರೇನೋ? ನಿಮ್ಮಪ್ಪನ ಮಣ್ಣಿಗೆ ನಾವೂ ಹೊಸಾ ಗಡಗೀನ ತಂದಿದ್ವಿ.”

ಮಾರ್ಗದರ್ಶಕರು ಇದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದರು. ಅವಧಿ ಮುಗಿದ ಮೇಲೆ ಒಂದು ದಿನವೂ ಸಿಗುವುದಿಲ್ಲ ಎಂದೂ ಹೇಳಿದ್ದರು.

“ಹೊಳ್ಳಿ ಮೊದಲಿಂದ ಬರಿ,” ಅಂದಳು ಅವ್ವಮ್ಮ.

“ಟೈಮ್ ಇಲ್ಲವ್ವಾ.”

“ಮತ್ತ ಆರು ವರ್ಷ ಏನ್ ಮಾಡ್ದಿ?”

ಅವಳು ಚುಚ್ಚಲು ಕೇಳಿರಲಿಲ್ಲ; ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಮನೋಹರ ರೊಟ್ಟಿ ತಿಂದು ಎದ್ದ.

ಸೋಮವಾರ ವಿಶ್ವವಿದ್ಯಾಲಯಕ್ಕೆ ಹೋಗಿ ನೋಂದಣಿ ರದ್ದು ಮಾಡಲು ಅರ್ಜಿ ಕೊಟ್ಟ. ಕಾರಣದ ಜಾಗ ಖಾಲಿಯಿದೆ, ಏನು ಬರೆಯಲಿ ಎಂದು ಗುಮಾಸ್ತ ಮರಾಠಿಯಲ್ಲಿ ಕೇಳಿದ. ಮನೋಹರ ಹೂಜಿಗಳ ಸಂಗತಿ ಹೇಳತೊಡಗಿದ. ಗುಮಾಸ್ತ ಅರ್ಧಕ್ಕೇ ‘ಮನೆಯ ತೊಂದರೆ’ ಎಂದು ಬರೆದುಕೊಂಡು ಮುಂದಿನವನನ್ನು ಕರೆದ.