ಸೇಂ-ಲೂರಿನ ಮುದ್ರೆ

ರಾಜ್ಯಗಳು ಖಡ್ಗದಿಂದ ಹುಟ್ಟುತ್ತವೆ ಎಂದು ಇತಿಹಾಸಕಾರರು ಬರೆಯುತ್ತಾರೆ. ಇರಬಹುದು. ಆದರೆ ಹುಟ್ಟಿದ ಮೇಲೆ ಅವು ಉಸಿರಾಡುವುದು ರಬ್ಬರ್ ಮುದ್ರೆಯಿಂದ. ಫ್ರಾನ್ಸಿನಲ್ಲಿ ಮುದ್ರೆ ಬೀಳದ ಜನನ ಜನನವಲ್ಲ, ಮುದ್ರೆ ಬೀಳದ ಮದುವೆ ಬರೀ ಊಟ. ಕೋಂಫೊಲಾಂ ಊರಿನ ಸೈಕಲ್ ಸಂಘದವರ ಮಟ್ಟಿಗೆ ಮುದ್ರೆ ಬೀಳದ ಪ್ರವಾಸ ಪ್ರವಾಸವೇ ಅಲ್ಲ. ಇಂಥದೊಂದು ಮುದ್ರೆ ಯೊಲಾಂದ್ ಎಂಬ ಎಪ್ಪತ್ತೊಂದರ ಹೆಂಗಸಿಗೆ ಸಿಗುತ್ತದೋ ಇಲ್ಲವೋ ಎಂಬ ಗಂಭೀರ ಪ್ರಶ್ನೆ ಜೂನ್ ತಿಂಗಳ ಒಂದು ಭಾನುವಾರ ವಿಯೆನ್ ನದಿಯ ಕಣಿವೆಯಲ್ಲಿ ಎದ್ದಿತು.

ಸಂಘದಲ್ಲಿ ‘ಕಣಿವೆ ಚೀಟಿ’ ಎಂಬುದೊಂದಿದೆ. ದೇಶದ ನದಿಗಳ ಉದ್ದಕ್ಕೂ ಆರಿಸಿದ ನೂರು ಹಳೆಯ ಊರುಗಳು. ಪ್ರತಿಯೊಂದಕ್ಕೂ ಸೈಕಲ್ ತುಳಿದೇ ಹೋಗಬೇಕು, ಊರಿನ ಹೆಸರಿರುವ ಯಾವುದಾದರೊಂದು ಮುದ್ರೆ ಹಾಕಿಸಿಕೊಳ್ಳಬೇಕು, ನೂರೂ ಹತ್ತು ವರ್ಷದೊಳಗೆ ಮುಗಿಯಬೇಕು. ಮುಗಿಸಿದವರಿಗೆ ಕೋಟಿನ ಗುಂಡಿಯಷ್ಟು ದೊಡ್ಡ ಹಿತ್ತಾಳೆ ಬಿಲ್ಲೆ ಸಿಗುತ್ತದೆ. ಯೊಲಾಂದಳ ಚೀಟಿಯಲ್ಲಿ ತೊಂಬತ್ತೊಂಬತ್ತು ಮುದ್ರೆಗಳಿದ್ದವು. ಲ್ವಾರ್ ನದಿಯ ದಂಡೆಯ ಸೋಮ್ಯೂರಿನಲ್ಲಿ ಟೋಪಿ ಅಂಗಡಿಯವನು ಹಾಕಿದ್ದ. ಕಾಓರಿನಲ್ಲಿ ಎಲ್ಲ ಅಂಗಡಿಗಳೂ ಮಧ್ಯಾಹ್ನದ ಊಟಕ್ಕೆ ಮುಚ್ಚಿದ್ದಾಗ ಶವಪೆಟ್ಟಿಗೆಯವನು ಬಾಗಿಲು ತೆರೆದು, ಸಂತಾಪ ಸೂಚಿಸಿ ಹಾಕಿದ್ದ. ಬ್ಲ್ವಾದಲ್ಲಿ ನಾಯಿಗಳ ಡಾಕ್ಟರು ಹಾಕಿದ್ದಳು. ಬಾಕಿ ಉಳಿದದ್ದು ಒಂದೇ ಊರು. ಮನೆಯಿಂದ ಇಪ್ಪತ್ತೆರಡು ಕಿಲೋಮೀಟರ್ ದೂರದ, ಅವಳು ಹುಟ್ಟಿದ ಸೇಂ-ಲೂರ್. ಹತ್ತನೆಯ ವರ್ಷ ಆ ಭಾನುವಾರಕ್ಕೆ ಮುಗಿಯುತ್ತಿತ್ತು. ಮಧ್ಯಾಹ್ನ ಒಂದು ಗಂಟೆಗೆ, ಸೇಂ-ಲೂರಿನಿಂದ ಇನ್ನೂ ಒಂಬತ್ತು ಕಿಲೋಮೀಟರ್ ಕೆಳಗೆ ಹೊಳೆದಂಡೆಯಲ್ಲಿ, ಸಂಘದ ವಾರ್ಷಿಕ ಊಟ. ಅಲ್ಲಿ ಚೀಟಿ ಒಪ್ಪಿಸಬೇಕು.

ಆಲ್ಪ್ಸ್ ಹತ್ತಿಳಿದವಳು ಇಪ್ಪತ್ತೆರಡು ಕಿಲೋಮೀಟರಿಗೆ ಹತ್ತು ವರ್ಷ ತೆಗೆದುಕೊಂಡದ್ದಕ್ಕೆ ಕಾರಣವಿತ್ತು. ಸೇಂ-ಲೂರಿನಲ್ಲಿ ಅಂಚೆ ಕಚೇರಿ ಮುಚ್ಚಿದೆ, ಕಾಫಿ ಅಂಗಡಿ ಮುಚ್ಚಿದೆ, ಔಷಧದಂಗಡಿಯವನು ಪಕ್ಕದೂರಿಗೆ ಹೋದ. ಉಳಿದಿರುವುದು ಬೇಕರಿಯೊಂದೇ. ಆ ಬೇಕರಿ ಅವಳ ತಂಗಿ ಜಿಸ್ಲೆನ್‌ಳದು. ಅಕ್ಕತಂಗಿಯರು ಮಾತು ಬಿಟ್ಟು ಹದಿನೇಳು ವರ್ಷವಾಗಿತ್ತು.

ಬಿಟ್ಟದ್ದು ಒಂದು ಬಿಸ್ಕತ್ತಿನ ಕಾರಣಕ್ಕೆ. ಆ ಸೀಮೆಯಲ್ಲಿ ಬ್ರುವಾಯೇ ಎಂಬ ತಟ್ಟೆಯಗಲದ ಬಿಸ್ಕತ್ತು ಮಾಡುತ್ತಾರೆ. ಅದಕ್ಕೆ ಚಾಕು ಸೋಕಿಸುವಂತಿಲ್ಲ. ಹಿರಿಯರೊಬ್ಬರು ನಡುವೆ ಮುಷ್ಟಿಯಿಂದ ಗುದ್ದಬೇಕು, ಒಡೆದ ಚೂರುಗಳನ್ನು ಎಲ್ಲರೂ ಆರಿಸಿಕೊಂಡು ತಿನ್ನಬೇಕು. ಸಂಘದ ಹೊಳೆದಂಡೆಯ ಊಟವೊಂದಕ್ಕೆ ಜಿಸ್ಲೆನ್ ತಂದಿದ್ದ ಬ್ರುವಾಯೇಯನ್ನು ಯೊಲಾಂದ್ ಗುದ್ದಿದಳು, ಚೂರೊಂದನ್ನು ಬಾಯಿಗೆ ಹಾಕಿಕೊಂಡಳು, ಮೂವತ್ತು ಜನರ ಎದುರಿಗೆ “ಇದು ಬೆಣ್ಣೆ ಅಲ್ಲ, ಮಾರ್ಗರೀನು” ಎಂದಳು. ಮಾರ್ಗರೀನು ಎಂದರೆ ಎಣ್ಣೆಯಿಂದ ಮಾಡುವ ಅಗ್ಗದ ನಕಲಿ ಬೆಣ್ಣೆ. ಮೂವತ್ತಾರು ವರ್ಷ ಆಸ್ಪತ್ರೆಯೊಂದರ ಅಡುಗೆಮನೆ ನಡೆಸಿದ್ದ ನಾಲಿಗೆ ಅದು. ರುಚಿಯ ವಿಷಯದಲ್ಲಿ ಸುಳ್ಳು ಹೇಳಲು ಅದಕ್ಕೆ ಬಾರದು. ಆ ಕಡೆ ಬೇಕರಿಯವರ ಮರ್ಯಾದೆ ಬೆಣ್ಣೆಯಲ್ಲಿದೆ. ಮಿಕ್ಕ ವಿಷಯಗಳಲ್ಲಿ ಹೆಚ್ಚುಕಡಿಮೆಯಾದರೆ ಊರು ಕಣ್ಣು ಮುಚ್ಚಿಕೊಳ್ಳುತ್ತದೆ, ಬೆಣ್ಣೆಯಲ್ಲಿ ಇಲ್ಲ. ಮುಂದೆ ಅಪ್ಪನ ಮಣ್ಣಿನ ದಿನವೂ ಅಕ್ಕತಂಗಿಯರು ಪಾದ್ರಿಯ ಮೂಲಕವೇ ಮಾತಾಡಿದರು.

ಆದರೆ ಯೊಲಾಂದ್ ದಡ್ಡಿಯಲ್ಲ. ಆ ಭಾನುವಾರ ಚುನಾವಣೆ. ಮಿಕ್ಕ ದಿನ ಬಹುತೇಕ ಮುಚ್ಚಿರುವ ಹಳ್ಳಿಯ ಪುರಸಭೆಯೂ ಚುನಾವಣೆಯ ದಿನ ಬಾಗಿಲು ತೆರೆದಿರುತ್ತದೆ; ಮತದಾರರ ಚೀಟಿಗೆ ಹಾಕಲು ಮುದ್ರೆ ಮೇಜಿನ ಮೇಲೇ ಇರುತ್ತದೆ. ಬೇಕರಿಯ ಕಡೆ ಕತ್ತೆತ್ತಿಯೂ ನೋಡದೆ ಕೆಲಸ ಮುಗಿಸಿ ಬರಬಹುದು. ತನ್ನ ಮತವನ್ನು ಬೆಳಿಗ್ಗೆ ಎಂಟಕ್ಕೇ ಕೋಂಫೊಲಾಂನಲ್ಲಿ ಹಾಕಿ ಸೈಕಲ್ ಹತ್ತಿದಳು.

ಜೊತೆಗೆ ಎದ್ಮೋಂ ಇದ್ದ. ಸಂಘದ ಚೀಟಿಗಳನ್ನು ಪರೀಕ್ಷಿಸುವ ಅಧಿಕಾರಿ, ಎಪ್ಪತ್ತನಾಲ್ಕು ವರ್ಷ, ಹಿತ್ತಾಳೆ ಬಿಲ್ಲೆಯನ್ನು ಸೈಕಲ್ಲಿನ ಹಿಡಿಯ ನಡುವೆ ಎಲ್ಲರಿಗೂ ಕಾಣುವಂತೆ ಬಿಗಿದವನು. ಹೊಳೆಯ ಮೇಲಿನ ಮಂಜು ಆಗತಾನೇ ಏಳುತ್ತಿತ್ತು. ರಸ್ತೆ ನೀರಿನ ಪಕ್ಕದಲ್ಲೇ ಇಳಿಯುತ್ತ, ಕೆಂಪು ಗಸಗಸೆ ಹೂವಿನ ಹೊಲಗಳನ್ನು ಬಳಸುತ್ತ, ಪೆಡಲ್ ತುಳಿಯುವ ಕಷ್ಟವನ್ನೂ ಕೊಡದೆ ಇಬ್ಬರನ್ನೂ ಕರೆದೊಯ್ಯುತ್ತಿತ್ತು. ಯೊಲಾಂದಳಿಗೆ ಹಾಡು ಬರುತ್ತಿತ್ತು.

“ಹಾಡ್ಬೇಡ ಮಾರಾಯ್ತಿ, ಹಸುಗಳು ಹಾಲು ಕಟ್ಟಿಬಿಡ್ತಾವೆ,” ಎಂದ ಎದ್ಮೋಂ.

“ನಿನ್ನ ಮುಖ ನೋಡಿದ್ಮೇಲೂ ಕರೀತಿದಾವಲ್ಲ, ನನ್ನ ಹಾಡೇನು ಮಹಾ.”

“ನೇರವಾಗಿ ತಂಗಿ ಹತ್ರ ಕೇಳಿದ್ರೆ ಆಗ್ತಿರ್ಲಿಲ್ವ?”

“ಗಣರಾಜ್ಯ ಇರೋದು ಯಾತಕ್ಕೆ? ಒಡಹುಟ್ಟಿದವರ ಹಂಗಿಲ್ಲದೆ ಬದುಕೋಕೆ.”

ಒಂಬತ್ತೂಮುಕ್ಕಾಲಿಗೆ ಸೇಂ-ಲೂರ್ ತಲುಪಿದರು. ಹಳೆಯ ಕೋಟೆಯ ಗೋಡೆ, ಒಂದು ಕಲ್ಲು ಸೇತುವೆ, ಚರ್ಚು, ಅದರ ಎದುರಿಗೆ ಪುರಸಭೆ, ಪುರಸಭೆಯ ಎದುರಿಗೆ ಬೇಕರಿ. ಯೊಲಾಂದ್ ಬೇಕರಿಗೆ ಬೆನ್ನು ಹಾಕಿಯೇ ಸೈಕಲ್ ನಿಲ್ಲಿಸಿದಳು, ಚೀಟಿ ಹಿಡಿದು ಗೆಲುವಿನ ನಡಿಗೆಯಲ್ಲಿ ಒಳಗೆ ಹೋದಳು.

ಉದ್ದನೆಯ ಮೇಜು. ನಡುವೆ ಗಾಜಿನ ಮತಪೆಟ್ಟಿಗೆ, ಅದರ ಹಿಂದೆ ಮೇಯರು. ಎಡಗಡೆ, ಮತದಾರರ ಪಟ್ಟಿಯನ್ನೂ ಮುದ್ರೆಯನ್ನೂ ಮುಂದಿಟ್ಟುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಊರಿನ ಪುರಸಭಾ ಸದಸ್ಯೆ ಜಿಸ್ಲೆನ್ ಕೂತಿದ್ದಳು.

ತಂಗಿ ಸದಸ್ಯೆಯಾಗಿ ಆರು ವರ್ಷವಾಗಿತ್ತು. ಮಾತು ಬಿಟ್ಟವರಿಗೆ ಇಂಥ ಸುದ್ದಿಗಳು ತಡವಾಗಿ ತಲುಪುತ್ತವೆ.

“ಗುರುತಿನ ಚೀಟಿ?” ಎಂದಳು ಜಿಸ್ಲೆನ್.

“ಏನು?”

“ಗುರುತಿನ ಚೀಟಿ ಮೇಡಂ. ಯಾರು ಅಂತ ನಮಗೆ ಗೊತ್ತಾಗ್ಬೇಕಲ್ಲ.”

ಹಿಂದೆ ಸಾಲಿನಲ್ಲಿದ್ದ ಏಳೆಂಟು ಜನ ಕತ್ತು ಚಾಚಿದರು. ಯೊಲಾಂದ್ ಹಲ್ಲು ಕಚ್ಚಿ ಗುರುತಿನ ಚೀಟಿ ಕೊಟ್ಟಳು. ಜಿಸ್ಲೆನ್ ಫೋಟೋವನ್ನೂ ಮುಖವನ್ನೂ ನಾಲ್ಕು ಸಲ ಹೋಲಿಸಿದಳು. ಆಮೇಲೆ ಪಟ್ಟಿಯ ಮೇಲೆ ಮೊದಲಿಂದ ಕೊನೆಯವರೆಗೆ ಬೆರಳಾಡಿಸಿದಳು.

“ನಿಮ್ಮ ಹೆಸರು ಈ ಊರಿನ ಪಟ್ಟೀಲಿಲ್ಲ.”

“ನಾನು ಇಲ್ಲೇ ಹುಟ್ಟಿದ್ದು!”

“ಹುಟ್ಟಿದವರ ಪಟ್ಟಿ ಒಳಗಿನ ಕೋಣೇಲಿದೆ. ಭಾನುವಾರ ಅದಕ್ಕೆ ರಜ.”

ಮೇಯರು ಒಳ್ಳೆಯವನು, ಜಗಳ ಕಂಡರಾಗದು. “ಜಿಸ್ಲೆನ್, ಸೈಕಲ್ ಚೀಟಿ ತಾನೇ? ಒಂದು ಗುದ್ದಿ ಕಳಿಸಿಬಿಡಿ,” ಎಂದ.

“ಇದು ಗಣರಾಜ್ಯದ ಮುದ್ರೆ ಮೇಯರ್ ಸಾಹೇಬ್ರೇ. ಕಂಡಕಂಡ ಕಾಗದಕ್ಕೆ ಗುದ್ದಿ, ನಾಳೆ ಚುನಾವಣೆ ರದ್ದಾದ್ರೆ ಸಹಿ ಹಾಕ್ದೋರು ನೀವೇ.”

ಕಳೆದ ಸಲ ಒಂಬತ್ತೇ ಮತದಲ್ಲಿ ಗೆದ್ದಿದ್ದ ಮೇಯರು ‘ರದ್ದು’ ಎಂಬ ಪದ ಕೇಳಿ ಮತಪೆಟ್ಟಿಗೆಯನ್ನು ತಬ್ಬಿ ಕೂತ.

“ಮುದ್ರೆ ಬೇಕಿದ್ರೆ ಬೇಕರೀಲಿದೆ,” ಎಂದಳು ಜಿಸ್ಲೆನ್ ಪಟ್ಟಿಯಿಂದ ತಲೆಯೆತ್ತದೆ. “ಹನ್ನೊಂದಕ್ಕೆ ನನ್ನ ಪಾಳಿ ಮುಗಿಯುತ್ತೆ. ಮುಂದಿನವರು ಬನ್ನಿ!”

ಯೊಲಾಂದ್ ಸೇತುವೆಯ ಕಟ್ಟೆಯ ಮೇಲೆ ಹೋಗಿ ಕೂತಳು. ಕೆಳಗೆ ವಿಯೆನ್ ನದಿ ಯಾರ ಪಕ್ಷವನ್ನೂ ವಹಿಸದೆ ಹರಿಯುತ್ತಿತ್ತು.

“ಊರಿನ ಹೆಸರಿನ ಫಲಕದ ಪಕ್ಕ ನಿಂತು ಫೋಟೋ ತೆಗೆದ್ರೆ ಆಗಲ್ವೇನೋ?” ಎಂದು ಎದ್ಮೋಂನನ್ನು ಕೇಳಿದಳು.

“ಐದನೇ ನಿಯಮ. ಫೋಟೋ ಸಾಕ್ಷಿಯಲ್ಲ.”

“ಆ ನಿಯಮ ಬರೆದವನ್ಯಾರು?”

“ನಾನೇ.”

“ನೀನೇ ಒಳಗೆ ಹೋಗಿ ಹಾಕಿಸ್ಕೊಂಡು ಬಾ. ಹೇಗೂ ರೊಟ್ಟಿ ತಗೋಬೇಕು ಅಂತಿದ್ದೆ.”

“ಎರಡನೇ ನಿಯಮ. ಚೀಟಿ ಯಾರದೋ ಅವರೇ ಕೈಚಾಚಬೇಕು.” ಎದ್ಮೋಂ ನಿಟ್ಟುಸಿರು ಬಿಟ್ಟ. ಕರವಸ್ತ್ರ ತೆಗೆದು ತನ್ನ ಬಿಲ್ಲೆಯನ್ನು ಮೆಲ್ಲಗೆ ಒರೆಸಿದ. “ಹೋಗ್ಲಿ ಬಿಡೇ. ತೊಂಬತ್ತೊಂಬತ್ತೇನು ಕಡಿಮೆಯಾ? ಎಲ್ಲರಿಗೂ ಬಿಲ್ಲೆ ಬರೋದಿಲ್ಲ. ಕೆಲವರಿಗೆ ಬರುತ್ತೆ, ಕೆಲವರು ಚಪ್ಪಾಳೆ ತಟ್ತಾರೆ. ಎರಡೂ ಬೇಕಾದ್ದೇ.”

ಲೋಕದಲ್ಲಿ ಉಪದೇಶದಿಂದ ಆಗದ ಎಷ್ಟೋ ಕೆಲಸಗಳು ಸಾಂತ್ವನದಿಂದ ಆಗುತ್ತವೆ. ಯೊಲಾಂದ್ ಎದ್ದಳು, ಸೀದಾ ಬೇಕರಿಗೆ ನಡೆದಳು.

ಹನ್ನೊಂದು ದಾಟಿತ್ತು. ಮತ ಹಾಕಿ, ಪ್ರಾರ್ಥನೆ ಮುಗಿಸಿ, ಊಟದ ರೊಟ್ಟಿಗೆ ಬಂದವರಿಂದ ಅಂಗಡಿ ತುಂಬಿತ್ತು. ಪುರಸಭೆಯ ಸುದ್ದಿ ಅವಳಿಗಿಂತ ಮೊದಲೇ ರಸ್ತೆ ದಾಟಿ ಬಂದಿತ್ತು. ಜನ ಎರಡು ಕಡೆಗೂ ಸರಿದು ದಾರಿ ಕೊಟ್ಟರು. ಜಿಸ್ಲೆನ್ ಬಿಳಿ ಏಪ್ರನ್ ಕಟ್ಟಿಕೊಂಡು ಗಲ್ಲೆಯ ಹಿಂದೆ ನಿಂತಿದ್ದಳು. ಬಗ್ಗಿ, ಚಿನ್ನದ ಬಣ್ಣದ ಒಂದು ಬ್ರುವಾಯೇ ತೆಗೆದು ನಡುವೆ ಇಟ್ಟಳು.

“ಗುದ್ದು.”

“ಮುದ್ರೆ ಎಲ್ಲಿ?”

“ಮೊದಲು ಗುದ್ದು. ತಿನ್ನು. ಏನು ಅಂತ ಹೇಳು. ಅವತ್ತು ಮೂವತ್ತು ಜನ ಇದ್ರು, ಇವತ್ತೂ ಅಷ್ಟೇ ಇದಾರೆ.”

ಈಗ ‘ನೀವು’ ಹೋಗಿ ‘ನೀನು’ ಬಂದದ್ದನ್ನು ಸಾಲಿನಲ್ಲಿದ್ದವರೆಲ್ಲ ಗಮನಿಸಿದರು. ಯೊಲಾಂದ್ ಅಂಗಿಯ ತೋಳು ಮಡಿಸಿದಳು, ಗುದ್ದಿದಳು. ಹದಿನೇಳು ವರ್ಷ ಕೂಡಿಟ್ಟ ಗುದ್ದು. ಚೂರೊಂದು ಹಾರಿ ಮುಂದೆ ನಿಂತಿದ್ದ ಮುದುಕಿಯ ಟೋಪಿಯ ಮೇಲೆ ಕೂತಿತು. ಮುದುಕಿ ಅದನ್ನು ತೆಗೆದು ತಿಂದು, ಅಭಿಪ್ರಾಯ ಹೇಳದೆ ಕಾದಳು.

ಯೊಲಾಂದ್ ಅಗಿದಳು. ಸುಮ್ಮನೆ ಹೊಗಳಿದರೆ ಮುದ್ರೆ ಸಿಗುತ್ತದೆ. ಆದರೆ ಅವಳ ನಾಲಿಗೆ ಅವಳ ಮಾತು ಕೇಳುವ ಪೈಕಿಯಲ್ಲ. ಮತ್ತೆ ಅಗಿದಳು. ನುಂಗಿದಳು.

“ಬೆಣ್ಣೆ,” ಎಂದಳು.

ಅಂಗಡಿ ಉಸಿರು ಬಿಟ್ಟಿತು.

“ಅಪ್ಪಟ ಬೆಣ್ಣೆ. ನಮ್ಮಮ್ಮ ಮಾಡಿದ್ದಕ್ಕಿಂತ ಚೆನ್ನಾಗಿದೆ.” ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಉಪ್ಪು ಮಾತ್ರ ಒಂದು ಚಿಟಿಕೆ ಮುಂದಾಗಿದೆ.”

ಬಾಗಿಲ ಬಳಿ ಎದ್ಮೋಂ ಹಣೆ ಚಚ್ಚಿಕೊಂಡ. ಜಿಸ್ಲೆನ್‌ಳ ಮುಖ ಒಲೆಯ ಬಾಗಿಲಿನ ಹಾಗೆ ಕೆಂಪಾಯಿತು. ಒಂದು ಚೂರು ಬಾಯಿಗೆ ಹಾಕಿಕೊಂಡಳು, ನಿಧಾನವಾಗಿ ಅಗಿದಳು, ಒಲೆಮನೆಯಲ್ಲಿದ್ದ ಮಗನನ್ನು ಕೂಗಿದಳು.

“ಲೋಯಿಕ್! ಉಪ್ಪು ಎಷ್ಟು ಹಾಕ್ದ್ಯೋ?”

“ಸ್ವಲ್ಪ ಕೈ ಜಾರ್ತು ಅಮ್ಮಾ!” ಎಂದಿತು ಒಳಗಿನಿಂದ ನಲವತ್ತು ವರ್ಷದ ದನಿ. “ಯಾರಿಗೂ ಗೊತ್ತಾಗಲ್ಲ ಬಿಡು!”

ಮೊದಲು ನಕ್ಕವಳು ಟೋಪಿಯ ಮುದುಕಿ. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದು ಕಷ್ಟ. ಜಿಸ್ಲೆನ್ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡು ಗಲ್ಲೆಯ ಮೇಲೆ ಬಾಗಿದಳು. ಮುಂದಿನ ಮಾತನ್ನು ಪಿಸುಗುಟ್ಟಿದಳಾದರೂ, ಕೇಳಿಸಿಕೊಳ್ಳಲೆಂದೇ ಅಂಗಡಿ ನಿಶ್ಶಬ್ದವಾಯಿತು.

“ಅವತ್ತು ಅರ್ಧ ಮಾರ್ಗರೀನೇ ಇತ್ತು ಕಣೇ ಅಕ್ಕ. ಬೆಣ್ಣೆ ಗಾಡಿ ಬಂದಿರ್ಲಿಲ್ಲ.”

“ನಂಗೊತ್ತು.”

“ನಿಂಗೊತ್ತು ಅಂತ ನಂಗೂ ಗೊತ್ತು. ಅಷ್ಟು ಜನರ ಮುಂದೆ ಕಿರುಚಬೇಕಿತ್ತಾ?”

ಯೊಲಾಂದ್ ಬಿಸ್ಕತ್ತಿನ ಪುಡಿಯನ್ನು ಬೆರಳಿನಿಂದ ಗುಡ್ಡೆ ಮಾಡಿದಳು. “ಕಿವೀಲಿ ಹೇಳ್ಬೇಕಿತ್ತು,” ಎಂದಳು. “ಅದು ನನ್ನ ತಪ್ಪು.”

“ಹದಿನೇಳು ವರ್ಷ ಬೇಕಾಯ್ತಾ ಇಷ್ಟು ಹೇಳೋಕೆ?”

“ನಡುವೆ ತೊಂಬತ್ತೊಂಬತ್ತು ಊರು ಸಿಕ್ಕಿದ್ವು.”

ಜಿಸ್ಲೆನ್ ಮುದ್ರೆ ತೆಗೆದಳು. ಶಾಯಿ ಒಣಗಿತ್ತು, ಅದರ ಮೇಲೆ ಬಾಯಿಂದ ಎರಡು ಸಲ ಬಿಸಿಯುಸಿರು ಬಿಟ್ಟು, ಚೀಟಿಯ ಕೊನೆಯ ಚೌಕದಲ್ಲಿಟ್ಟು, ಅಂಗೈಯಿಂದ ಬಲವಾಗಿ ಒತ್ತಿದಳು. ಎದ್ಮೋಂ ಗುಂಪಿನ ನಡುವೆ ತೂರಿಕೊಂಡು ಬಂದು, ಭೂತಗನ್ನಡಿ ಹಿಡಿದು ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದ. “ಸಿಂಧು,” ಎಂದ.

“ಊಟಕ್ಕೆ ಏನು ಮಾಡ್ತಿದಾರೆ?” ಎಂದಳು ಜಿಸ್ಲೆನ್, ಯಾರನ್ನೂ ನೋಡದೆ.

“ಮೊಲದ ಮಾಂಸ, ಸಾಸಿವೆ ಹಾಕಿ,” ಎಂದಳು ಯೊಲಾಂದ್. “ಸಿಹಿಗೆ ಏನೂ ಇಲ್ಲ ಅಂತ ಕಾಣುತ್ತೆ. ನಿನ್ನ ಸೈಕಲ್ಲಿಗೆ ಗಾಳಿ ಇದೆಯಾ?”

“ಗಾಳಿ ಎದ್ಮೋಂ ಹಾಕ್ತಾನೆ. ಹೇಗೂ ಬಾಯಿ ಇದೆ.”

ಅಂಗಡಿ ಮಗನ ಪಾಲಾಯಿತು. ಉಪ್ಪು ಸರಿಯಿದ್ದ ಎರಡು ಬ್ರುವಾಯೇಗಳನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಇಳಿಸಿದರು. ಹೊಳೆಯ ದಾರಿಯಲ್ಲಿ ಮುಂದಿನ ಒಂಬತ್ತು ಕಿಲೋಮೀಟರು ಅಕ್ಕತಂಗಿಯರು ಅಕ್ಕಪಕ್ಕ ತುಳಿದರು. ಹದಿನೇಳು ವರ್ಷದ ಮದುವೆ, ಬಸಿರು, ಮಂಡಿನೋವು, ನೆರೆಹೊರೆಯ ಸುದ್ದಿ ಎಲ್ಲವನ್ನೂ ಒಬ್ಬರ ಮೇಲೊಬ್ಬರು ಬಿದ್ದು ಹೇಳಿಕೊಂಡದ್ದರಿಂದ ಹಿಂದೆ ಬರುತ್ತಿದ್ದ ಎದ್ಮೋಂಗೆ ಒಂದು ಮಾತಿಗೂ ಸಂದು ಸಿಗಲಿಲ್ಲ. ಎರಡು ಕಾರುಗಳು ಹಾರನ್ ಹೊಡೆದು ಸೋತು ನಿಧಾನವಾಗಿ ಹಿಂಬಾಲಿಸಿದವು.

ಒಂದಕ್ಕೆ ಹತ್ತು ನಿಮಿಷವಿರುವಾಗ ಯೊಲಾಂದ್ ಚೀಟಿ ಒಪ್ಪಿಸಿದಳು. ನೂರೂ ಮುದ್ರೆಗಳು ಸರಿಯಿದ್ದವು. ಅವಳಿಗೆ ಬಿಲ್ಲೆ ಕೊಟ್ಟರು.