ಬಡಗಿ ಮನೆಯ ಪಿಕಪ್ಪು ನೆಟ್ಟಗೆ ನಿಂತಿತು

ಎದುರು ಮನೆ ಬಡಗಿಯ ಪಿಕಪ್ ಗಾಡಿ ಹೊರಟಿತು ಅಂದರೆ ನಮ್ಮ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಎರಡು ಬೀರು ಏರಿಸಿದರೆ ಸಾಕು, ಹಿಂಭಾಗ ಕುಸಿದು ಕೂತುಬಿಡುತ್ತಿತ್ತು, ಮೂತಿ ಮೇಲಕ್ಕೆ. ಸಂಜೆ ಹೊತ್ತು ಅದರ ಲೈಟು ರಸ್ತೆ ಬಿಟ್ಟು ಎದುರು ಬರುವವರ ಕಣ್ಣಿಗೇ ಹೊಡೆಯುತ್ತಿತ್ತು. ಉಬ್ಬು ಹತ್ತಿಳಿದರೆ ದಡ್ ಅಂತ ಸದ್ದು. ನನ್ನ ಹೊಲಿಗೆ ಮೆಷಿನ್ ಇರುವುದು ಕಿಟಕಿ ಪಕ್ಕದಲ್ಲೇ. ಹಾಗಾಗಿ ಬೀದಿಯಲ್ಲಿ ನಡೆದದ್ದನ್ನೆಲ್ಲ ಕಣ್ಣಾರೆ ಕಂಡವಳು ನಾನು.

ಈ ಬಡಗಿಯನ್ನು ನಾವೆಲ್ಲ ಬಲ್ಲಣ್ಣ ಅಂತ ಕರೆಯುತ್ತೇವೆ. ಯಾವ ಮಾತೆತ್ತಿದರೂ "ಅದನ್ನ ನಾನು ಬಲ್ಲೆ" ಅನ್ನುತ್ತಾನೆ, ಅದಕ್ಕೆ. ಮರದ ಕೆಲಸದಲ್ಲಿ ಬಲ್ಲವನೇ, ಸುಳ್ಳು ಹೇಳಬಾರದು. ಗಾಡಿ ಓಡಿಸುವವನು ಅವನ ಮಗ. ಶಾಲೆಯೊಂದಕ್ಕೆ ಬೀರುಗಳನ್ನು ಮುಟ್ಟಿಸಬೇಕಿತ್ತು, ದಾರಿಯಲ್ಲಿ ಕಡಿದಾದ ಇಳಿಜಾರು.

"ಅಪ್ಪಾ, ಈ ಗಾಡೀಲಿ ಆ ಇಳಿಜಾರು ಅಂದ್ರೆ ನನಗೆ ಎದೆ ಢವಢವ ಅನ್ನುತ್ತೆ," ಅಂದ ಮಗ.

ಬಲ್ಲಣ್ಣ ಒಳಗೆ ಹೋಗಿ ಎರಡು ಮರದ ತುಂಡು ತಂದ. ಗಟ್ಟಿ ಮರ, ನುಣ್ಣಗೆ ಹತ್ತರಿ ಹೊಡೆದದ್ದು. ಪಾಲಿಶ್ ಬೇರೆ ಹಚ್ಚಿದ್ದ, ಮಹಾರಾಯ! ಗಾಡಿ ಅಡಿಗೆ ಬಗ್ಗಿ ಯಾರು ನೋಡುತ್ತಾರೆ?

"ಚಕ್ರದ ಆಕ್ಸಲ್ಲಿಗೂ ಭಾರ ಹೊರೋ ಸ್ಪ್ರಿಂಗಿನ ಕಮಾನು ಪಟ್ಟಿಗೂ ನಡುವೆ ಇವನ್ನ ಕೂರಿಸಿದ್ರೆ ಆಯ್ತು. ಗಾಡಿ ತಾನಾಗೇ ಮೇಲೇಳುತ್ತೆ," ಅಂದ.

ಅಷ್ಟರಲ್ಲಿ ಸೊಸೆ ಹೊರಗೆ ಬಂದಳು. ಅವಳ ತವರಿನಲ್ಲಿ ಗಾಡಿಗಳ ಕಮಾನು ಪಟ್ಟಿ ರಿಪೇರಿಯದೇ ಅಂಗಡಿ. ಅಪ್ಪನ ಜೊತೆ ಸ್ಪ್ಯಾನರ್ ಹಿಡಿದೇ ಬೆಳೆದವಳು.

"ಮಾವ, ಇದನ್ನ ಹಾಕಬೇಡಿ."

"ಯಾಕಮ್ಮ? ಕಲ್ಲಿನಂಥ ಮರ!"

"ಎಂಥ ಮರ ಆದ್ರೂ ಆ ಭಾರಕ್ಕೆ ಸೀಳುತ್ತೆ. ಸೀಳಿ ಜಾರಿದ್ರೆ ಆಕ್ಸಲ್ಲೇ ಜಾಗ ಬಿಡುತ್ತೆ. ಓಡಿಸೋನು ನಿಮ್ಮ ಮಗ."

"ಹಂಗಾದ್ರೆ ಕಬ್ಬಿಣದ್ದು ಹಾಕ್ಸೋಣ."

"ಅದಕ್ಕೇ ಅಂತ ಮಾಡಿದ ಬ್ಲಾಕು ಸಿಗುತ್ತೆ. ಕೆಲವು ಗಾಡಿಗೆ ಸರಿ. ಆದ್ರೂ ಒಂದರ ಮೇಲೊಂದು ಪೇರಿಸಬಾರದು. ಮಾವ, ನಮಗೆ ಬೇಕಿರೋದು ಬರೀ ಎತ್ತರಾನಾ, ತಾಕತ್ತಾ? ಬ್ಲಾಕು ಎತ್ತರ ಕೊಡುತ್ತೆ, ಹೊರೋ ತಾಕತ್ತು ಕೊಡಲ್ಲ. ಪಟ್ಟಿ ತೂಗುಹಾಕೋ ಕೊಂಡಿ ಉದ್ದ ಮಾಡಿಸಿದ್ರೂ ಅಷ್ಟೇ."

ಹೊಸ್ತಿಲಲ್ಲಿ ನಿಂತ ಅತ್ತೆ ಬಾಯಿ ಹಾಕಿದಳು. "ಪಟ್ಟಿ ಜೊತೆಗೆ ಅದೇನೋ ಗಾಳಿ ತುಂಬಿದ ಚೀಲ ಹಾಕ್ತಾರಂತಲ್ಲೇ?"

"ಯಾವಾಗಲೋ ಒಮ್ಮೆ ಭಾರ ಹೇರೋರಿಗೆ ಅದು ಚೆನ್ನ, ಅತ್ತೆ. ಅದಕ್ಕೂ ಇರೋ ಪಟ್ಟಿ ಗಟ್ಟಿ ಇರಬೇಕು."

ಬಲ್ಲಣ್ಣ ಹುಬ್ಬು ಗಂಟಿಕ್ಕಿದ. "ನಾನು ಉಳಿ ಹಿಡಿದಾಗ ನೀನಿನ್ನೂ ಹುಟ್ಟಿರಲಿಲ್ಲ."

ಸೊಸೆ ನಕ್ಕಳು. "ನಿಜ ಮಾವ. ನೀವು ಮಾಡಿದ ಬೀರು ವಾಲಿದ್ರೆ, ಕಾಲಡಿಗೆ ಚಕ್ಕೆ ತುರುಕಿ ಗಿರಾಕಿಗೆ ಕೊಡ್ತೀರಾ?"

"ಛೀ! ಕೀಲು ಬಿಚ್ಚಿ ನೋಡ್ತೀನಿ."

"ಹಂಗೇ ಇದನ್ನೂ ನೋಡೋಣ ಬನ್ನಿ."

ಗಾಡಿಯನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿದರು. ಮಗ ಪಟ್ಟಿಗೆ ಮೆತ್ತಿದ್ದ ಮಣ್ಣು ಕೆರೆದ. ಕೆರೆಯುತ್ತಾ ಕೆರೆಯುತ್ತಾ ಅವನ ಕೈ ನಿಂತಿತು. ಒಂದು ಪಟ್ಟಿ ಅಡ್ಡಕ್ಕೆ ಬಿರುಕು ಬಿಟ್ಟಿತ್ತು. ಉಳಿದವು ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದವು.

"ಅಯ್ಯೋ, ಇದರ ಮೇಲೆ ನನ್ನ ಮಗ ದಿನಾ ಓಡಾಡ್ತಿದ್ನಾ!" ಅಂತ ಅತ್ತೆ ಕೂಗಿಕೊಂಡಳು. ಬಲ್ಲಣ್ಣ ಬಗ್ಗಿ ಬಿರುಕಿನ ಮೇಲೆ ಬೆರಳಾಡಿಸಿದ. ಮೆಲ್ಲಗೆ ಕೇಳಿದ, "ಒಂದು ಪಟ್ಟಿ ಹೆಚ್ಚಿಗೆ ಸೇರಿಸಿದ್ರೆ ಸಾಲದಾ ಮಗಳೇ?"

"ಉಳಿದವು ಗಟ್ಟಿ ಇದ್ದಿದ್ರೆ ಸಾಕಿತ್ತು. ಇವು ಸೋತು ಹೋಗಿವೆ. ಎರಡೂ ಕಡೆ ಪಟ್ಟಿಗಳ ಪೂರ್ತಿ ಹೊಸ ಕಟ್ಟೇ ಬೇಕು, ಈ ಗಾಡಿಗೆ ಹೇಳಿ ಮಾಡಿಸಿದ್ದು."

ವರ್ಕ್‌ಶಾಪಿಗೆ ಅವಳೇ ಜೊತೆಗೆ ಹೋದಳು. ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿಯುವ ಹಳೇ ಯು ಬೋಲ್ಟನ್ನೇ ಮತ್ತೆ ಹಾಕಲು ಹೊರಟವರನ್ನು ತಡೆದು ಹೊಸದು ಹಾಕಿಸಿದಳು. ಬ್ರೇಕ್ ಪೈಪು ಎಲ್ಲೂ ಬಿಗಿಯಾಗಿ ಎಳೆದುಕೊಂಡಿಲ್ಲವಲ್ಲ ಅಂತ ನೋಡಿಸಿದಳು. ಲೈಟು ಸರಿಮಾಡಿಸಿದಳು. "ಪಟ್ಟಿ ಹೊಸದು ಅಂತ ಮಿತಿ ಮೀರಿ ಹೇರೋ ಹಾಗಿಲ್ಲ" ಅಂತ ಗಂಡನಿಗೆ ತಾಕೀತೂ ಮಾಡಿದಳು.

ಬೀರು ಏರಿಸುವ ದಿನ ಬೀದಿಗೆ ಬೀದಿಯೇ ಬಾಗಿಲಲ್ಲಿ ನಿಂತಿತ್ತು. ಒಂದೊಂದೇ ಏರಿತು. ಗಾಡಿ ಚೂರೇ ಚೂರು ತಗ್ಗಿ ನೆಟ್ಟಗೆ ನಿಂತಿತು! ನಾನು ಹೊಲಿಯುತ್ತಿದ್ದ ರವಿಕೆ ಬಿಟ್ಟು ಚಪ್ಪಾಳೆ ಹೊಡೆದೆ. ಬಲ್ಲಣ್ಣ ಮಗನ ಪಕ್ಕ ಹತ್ತಿ ಕೂತ.

ಸಂಜೆ ಗಾಡಿ ವಾಪಸು ಬಂತು. ಬಲ್ಲಣ್ಣ ಇಳಿದವನೇ ನಡುಬೀದಿಯಲ್ಲಿ ನಿಂತು ಕೂಗಿದ.

"ಕೇಳ್ರಪ್ಪಾ ಎಲ್ಲರೂ! ಇಳಿಜಾರಲ್ಲಿ ಬಸ್ಸೊಂದು ಏಕಾಏಕಿ ಅಡ್ಡ ಬಂತು. ನನ್ನ ಮಗ ಬ್ರೇಕ್ ಒತ್ತಿದ. ಗಾಡಿ ಅತ್ತಿತ್ತ ಅಲ್ಲಾಡಲಿಲ್ಲ, ಹಾಗೇ ನಿಂತುಬಿಡ್ತು! ನನ್ನ ಮಾತು ನಡೆದಿದ್ರೆ ಇವತ್ತು ಮಗನನ್ನ ಕಳ್ಕೊತಿದ್ದೆ. ನಮ್ಮನೆ ಸೊಸೆ ಉಳಿಸಿಕೊಟ್ಟಳು!"

ಸೊಸೆಯ ಮುಖ ನೋಡಬೇಕಿತ್ತು ನೀವು. ನಮಗೆಲ್ಲ ಹೆಮ್ಮೆಯೋ ಹೆಮ್ಮೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯ ಹಿಂಭಾಗವೂ ಕುಸಿದಿದೆಯೇ? ಎತ್ತಿಸುವ ಮೊದಲು ಯಾಕೆ ಕುಸಿಯಿತು ಅಂತ ಬಿಚ್ಚಿ ನೋಡಿಸಿ. ಮರದ ತುಂಡು, ಕಲ್ಲು, ಪೇರಿಸಿದ ಬ್ಲಾಕು ಬೇಡವೇ ಬೇಡ. ನಿಮ್ಮ ಹೊರೆಗೆ ತಕ್ಕ ದಾರಿ ಯಾವುದು ಅಂತ ಕೆಲಸ ತಿಳಿದವರನ್ನು ಕೇಳಿ. ಒಂದಷ್ಟು ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಆ ಸೀಟಿನಲ್ಲಿ ಕೂರುವವರು ನಿಮ್ಮ ಮನೆಯವರೇ ಅಲ್ಲವೇ?