ಕಿಟಕಿಯ ಹೊರಸಿಪ್ಪೆ

ಹೊಸ ಸಾಮಾನಿನ ಮೇಲಿನ ಪ್ಲಾಸ್ಟಿಕ್ ಕಿತ್ತರೆ ನಮ್ಮಮ್ಮನಿಗೆ ಜೀವವೇ ಕಿತ್ತ ಹಾಗಾಗುತ್ತದೆ. ನಮ್ಮ ಫ್ರಿಜ್ಜು ಮನೆಗೆ ಬಂದ ದಿನದಿಂದ ಹೊದಿಕೆ ಹೊದ್ದುಕೊಂಡೇ ನಿಂತಿದೆ. ಟೀವಿ ರಿಮೋಟನ್ನು ಕವರಿನ ಮೇಲಿಂದಲೇ ಒತ್ತಿ ಒತ್ತಿ ನನ್ನ ಹೆಬ್ಬೆರಳು ಸವೆದಿದೆ.

ಅಪ್ಪ ಈ ದಡದವರನ್ನು ಆ ದಡಕ್ಕೆ ಮುಟ್ಟಿಸುವ ಮೋಟಾರು ದೋಣಿ ಓಡಿಸುತ್ತಾರೆ. ಎಂಜಿನ್ನಿನ ನಡುಕಕ್ಕೆ ಅದರ ಮುಂದಿನ ಕಿಟಕಿಯ ಗಾಜು ಬಿರುಕು ಬಿಟ್ಟಿತ್ತು. ಅವರು ಅತ್ತೆಯ ಮನೆಗೆ ಹೋಗಿದ್ದಾಗ ಗಾಜಿನಂತೆ ಕಾಣುವ ಅಕ್ರಿಲಿಕ್ ಹಾಳೆ ತಂದು ನಾನೇ ಕೂರಿಸಿದೆ. ಹಳೇ ಗಾಜಿನ ಅಳತೆಗೆ ಗೆರೆ ಎಳೆದು, ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ದು, ಬಿಸಿಲಿಗೆ ಹಿಗ್ಗಲು ಜಾಗವಿರಲೆಂದು ಸ್ಕ್ರೂವಿನ ತೂತುಗಳನ್ನು ತುಸು ದೊಡ್ಡದಾಗಿಯೇ ಕೊರೆದೆ. ಹಾಳೆಯ ಎರಡೂ ಕಡೆ ಅಂಟಿಸಿದ್ದ ತೆಳ್ಳನೆಯ ಪ್ಲಾಸ್ಟಿಕ್ ಸಿಪ್ಪೆಯಲ್ಲಿ ಒಳಗಿನದನ್ನು ಸುಲಿದೆ. ಹೊರಗಿನದಕ್ಕೆ ಕೈ ಹಾಕುವಷ್ಟರಲ್ಲಿ ಅಮ್ಮ ಓಡಿ ಬಂದಳು.

"ಅದೊಂದು ಇರಲಿ ಕಣೇ, ಗೀರು ಬೀಳತ್ತೆ. ಹೇಗೂ ಕಾಣತ್ತಲ್ಲ?"

ಆಗ ಕಾಣುತ್ತಿತ್ತು. ಅಮ್ಮನ ಜೊತೆ ವಾದಕ್ಕಿಳಿಯುವುದು ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ. ಬಿಟ್ಟೆ.

ಅಪ್ಪ ಬಂದವರು ಕಿಟಕಿ ನೋಡಿ ನನ್ನ ಬೆನ್ನು ತಟ್ಟಿದರು. ಆದರೆ ಬರಬರುತ್ತಾ ಮಂಕಾದರು. ದೋಣಿಯನ್ನು ಆಮೆಯ ಹಾಗೆ ನಡೆಸತೊಡಗಿದರು. ಒಂದು ಸಂಜೆ ಊಟಕ್ಕೆ ಕೂತಾಗ ದೋಣಿಯ ಕೀಲಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟರು.

"ನಾಳೆಯಿಂದ ನೀನೇ ಓಡಿಸಮ್ಮ. ನನ್ನ ಕಣ್ಣು ಹೋಯ್ತು. ಹೊರಗೆ ನಿಂತ್ರೆ ಸರಿ, ಒಳಗೆ ಕೂತ್ರೆ ಎಲ್ಲಾ ಮಂಜು. ನಿಮ್ಮಜ್ಜಂಗೂ ಹೀಗೇ ಶುರುವಾಗಿದ್ದು. ನನ್ನ ನಂಬಿ ಹತ್ತೋ ಜನರನ್ನ ಮುಳುಗಿಸಲಾ?"

ದೋಣಿ ಬಿಟ್ಟರೆ ಅಪ್ಪನಿಗೆ ಬೇರೆ ಪ್ರಪಂಚವೇ ಇಲ್ಲ. ಅಮ್ಮ ಸೌಟು ಕೆಳಗಿಟ್ಟು ಅಪ್ಪನ ಪಕ್ಕ ಬಂದು ಕೂತಳು.

ಬೆಳಿಗ್ಗೆ ಮೂವರೂ ದೋಣಿಯ ಹತ್ತಿರ ಹೋದೆವು. ಅಪ್ಪನ ಸೀಟಿನಲ್ಲಿ ನಾನು ಕೂತೆ. ನೋಡಿದರೆ ನನಗೂ ಎಲ್ಲಾ ಮಂಜು! ಬಿಸಿಲಿಗೆ ಹೊರಗಿನ ಸಿಪ್ಪೆ ಗುಳ್ಳೆ ಎದ್ದು ಬೆಳ್ಳಗಾಗಿತ್ತು.

"ಅಪ್ಪಾ, ಹಾಳಾಗಿರೋದು ನಿಮ್ಮ ಕಣ್ಣಲ್ಲ, ಅಮ್ಮನ ಸಿಪ್ಪೆ! ಬಂದು ಕೂತ್ಕೊಳ್ಳಿ."

ಅಪ್ಪ ನಂಬಲಾರದೆ ಕೂತರು. ಅಮ್ಮ ದೋಣಿಯ ಮೂತಿಗೆ ಹತ್ತಿ, ಮೂಲೆಗೆ ಉಗುರು ಹಾಕಿ, ಸಿಪ್ಪೆಯನ್ನು ಒಂದೇ ಎಳೆತಕ್ಕೆ ಕಿತ್ತೆಸೆದಳು. ಕಿಟಕಿಯಾಚೆ ಅವಳ ಮುಖ ಸ್ಪಷ್ಟವಾಗಿ ಮೂಡಿತು. ಅಪ್ಪ ರೆಪ್ಪೆ ಮಿಟುಕಿಸದೆ ನೋಡಿದರು.

"ಅಯ್ಯೋ, ಇಷ್ಟೊಂದು ನರೆ ಯಾವಾಗ ಬಂತೇ ನಿನಗೆ?"

"ಸುಮ್ನೆ ದೋಣಿ ಓಡಿಸ್ರೀ," ಎಂದಳು ಅಮ್ಮ, ಅಂಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ. ನಾನು ಕೀಲಿಯನ್ನು ಅಪ್ಪನ ಕೈಗಿಟ್ಟೆ.

ಸಂಜೆ ಮನೆಗೆ ಬಂದರೆ ಫ್ರಿಜ್ಜು ಬೋಳಾಗಿ ಹೊಳೆಯುತ್ತಿತ್ತು. ರಿಮೋಟಿನ ಕವರು ಮಾತ್ರ ಹಾಗೇ ಇತ್ತು.